ಇಬ್ಬರೂ ಓದಲಾರದ ಅಕ್ಷರ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಬೈಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು, ಅದು ಈ ಊರಿನಲ್ಲಿ ಯಾರಿಗೂ ಇಲ್ಲ ಎಂದು ನನ್ನ ಅಜ್ಜಿ ನಂಬಿದ್ದಳು. ಅವಳು ಮಾಡುತ್ತಿದ್ದುದು ಇಷ್ಟೇ: ಮೂಗಿನಿಂದ ಸಣ್ಣಗೆ ಒಮ್ಮೆ ಉಸಿರು ಬಿಡುವಳು. ಅಕ್ಕಪಕ್ಕದ ತಮಿಳರಿಗೆ ಕನ್ನಡ ಬಾರದು ಎಂದು ಒಂದು ಉಸಿರು. ಕೊಳ್ಳೇಗಾಲದಿಂದ ಬಂದ ನನ್ನ ತಾಯಿಯ ಕನ್ನಡ ಬಹಳ ನೆಟ್ಟಗಿದೆ ಎಂದು ಇನ್ನೊಂದು. ಪವರ್‌ಲೂಮ್ ಹಾಕಿಸಿದ ದಾಯಾದಿಗಳಿಗೆ ಒಂದು, ಹಾಕಿಸಲು ಕೈಲಾಗದವರಿಗೆ ಒಂದು. ನಾನು ಹುಟ್ಟಿದ ಮನೆಯ ಆಸ್ತಿ ಎಂದರೆ ಎರಡು ಗುಂಡಿಮಗ್ಗ, ಒಂದು ತಾಮ್ರದ ಹಂಡೆ ಮತ್ತು ಆ ಉಸಿರು. ಮಗ್ಗಗಳು ಹೋದವು, ಹಂಡೆಯೂ ಹೋಯಿತು. ಉಸಿರು ಮಾತ್ರ ಪೂರ್ತಿಯಾಗಿ ನನ್ನ ಪಾಲಿಗೆ ಬಂತು. ಗಾಂಧಿಪುರಂನ ಜವಳಿ ಅಂಗಡಿಯಲ್ಲಿ ಮೂವತ್ತು ವರ್ಷ ಸೀರೆ ಬಿಡಿಸಿ ತೋರಿಸಿದೆನಲ್ಲ, ಎದುರು ಕೂತ ಹೆಂಗಸರಿಗೆ ಸೀರೆಯ ಜೊತೆಗೆ ಅದನ್ನೂ ತೋರಿಸಿದೆ.

ನಾವು ತಮಿಳು ಸೀಮೆಯಲ್ಲಿ ನೆಲೆನಿಂತ ಕನ್ನಡ ನೇಕಾರರು. ಪೊಳ್ಳಾಚಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಬೇವಿನ ಮರದ ಎದುರಿಗೇ ನಮ್ಮ ಮನೆ. ಬಾಗಿಲಿನ ಎರಡು ಪಕ್ಕ ಎರಡು ಜಗಲಿ. ಅದಕ್ಕೆ ನಾವು ಮನೆಯಲ್ಲಿ ತಿಣ್ಣೆ ಎನ್ನುತ್ತಿದ್ದೆವು, ತಮಿಳರಂತೆಯೇ. ಮೂಡಣ ತಿಣ್ಣೆ ನಮ್ಮವರಿಗೆ. ಪಡುವಣ ತಿಣ್ಣೆ ನೂಲಿನ ಗಂಟುಗಳಿಗೆ ಮತ್ತು ನೂಲಿನ ಗಂಟಿನಷ್ಟೇ ಮರ್ಯಾದೆಯ ಜನರಿಗೆ. ಆ ಪಡುವಣ ತಿಣ್ಣೆಗೆ ಹೊಂದಿಕೊಂಡ ಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ಎರಡು ಹಿತ್ತಾಳೆ ಲೋಟ. ಅವು ಹೊಸ್ತಿಲು ದಾಟಿ ಒಳಗೆ ಬಂದದ್ದೇ ಇಲ್ಲ. ಗೋಡೆಯ ಆಚೆ ಅಪ್ಪನ ಮಗ್ಗ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಅಪ್ಪನ ತಲೆ ಸರಿಯಾಗಿ ಕಿಟಕಿಯ ಮಟ್ಟಕ್ಕೆ ಬರುತ್ತಿತ್ತು. ಹೊರಗೆ ಆಡಿದ ಮಾತೆಲ್ಲ ಅವರಿಗೆ ಕೇಳುತ್ತಿತ್ತು. ಲಾಳಿಯ ಸದ್ದು ನಿಂತಿತೆಂದರೆ ಅಪ್ಪ ಕಿವಿಗೊಟ್ಟಿದ್ದಾರೆ ಎಂದೇ ಅರ್ಥ.

ಆ ಎರಡು ಲೋಟಗಳಲ್ಲಿ ಒಂದು ಕಾದರ್ ರಾವುತ್ತರದು, ಇನ್ನೊಂದು ದೇವಸಹಾಯಂ ವಾಧ್ಯಾರರದು. ರಾವುತ್ತರು ನೇಕಾರರ ಮನೆಮನೆಗೆ ಬಣ್ಣದ ಪುಡಿ ಕೊಡುವವರು. ಚಿಕ್ಕಂದಿನಲ್ಲಿ ಅರಬಿ ಮದರಸಾದಲ್ಲಿ ಓದಿ, ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು ಬಣ್ಣ ಹಿಡಿದವರು. ಅವರ ಕೆಂಪು ಎಷ್ಟು ಒಗೆದರೂ ನೀರಿಗೆ ಬಿಡುತ್ತಿರಲಿಲ್ಲ. ನಮ್ಮ ಸೀರೆಗಳ ಅಂಚಿಗೆ ಹೆಸರು ಬಂದದ್ದೇ ಆ ಕೆಂಪಿನಿಂದ. ಹಾಗಾಗಿ ತಾತ ಅವರನ್ನು ಸಹಿಸುತ್ತಿದ್ದ. "ಬಣ್ಣ ಬೇಕು, ಬಣ್ಣ ಕಲಸೋ ಕೈ ಬೇಡ" ಎನ್ನುವುದು ಅವನ ತತ್ತ್ವ. ವಾಧ್ಯಾರರು ಕ್ರೈಸ್ತರ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರನ್ನು ಸಹಿಸುವುದಕ್ಕೆ ನಮ್ಮಲ್ಲಿ ಯಾವ ಕಾರಣವೂ ಇರಲಿಲ್ಲ. ರಾವುತ್ತರ ಜೊತೆಗೆ ಬರುತ್ತಾರೆ, ಅಷ್ಟೇ. ಅಜ್ಜಿ ಅವರ ತಾತನ ಕೇರಿ ಯಾವುದು ಎಂದು ಬಲ್ಲವಳು.

"ಗಂಜಿಗೋಸ್ಕರ ದೇವ್ರನ್ನ ಮಾತ್ಕೊಂಡ ಕುಲ ಅದು. ನಮ್ ತಿಣ್ಣೆ ಮೇಲ್ ಕೂತು ವೇದ ಪೇಸುತ್ತೆ, ಪಾರು!" ಎನ್ನುತ್ತಿದ್ದಳು. ನಮ್ಮ ಮನೆಯ ಕನ್ನಡ ಅರ್ಧ ತಮಿಳು: ಮಾತ್ಕೊಂಡ ಎಂದರೆ ಬದಲಿಸಿಕೊಂಡ, ಪೇಸುತ್ತೆ ಎಂದರೆ ಮಾತಾಡುತ್ತೆ, ಪಾರು ಎಂದರೆ ನೋಡು.

ಅವರಿಬ್ಬರೂ ಎದ್ದು ಹೋದ ಮೇಲೆ ತಿಣ್ಣೆಗೆ ಸಗಣಿ ನೀರು ಬೀಳುತ್ತಿತ್ತು. ಅವರು ಬೇವಿನ ಮರ ದಾಟುವವರೆಗಾದರೂ ಅಜ್ಜಿ ಕಾಯುತ್ತಿದ್ದಳು. ಅದನ್ನೇ ನಮ್ಮ ಮನೆತನದ ದಾಕ್ಷಿಣ್ಯ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಇಬ್ಬರಿಗೂ ಇದ್ದದ್ದು ಒಂದೇ ಕೆಲಸ, ದೇವರ ಮೇಲೆ ಜಗಳ. ಮುಸಲ್ಮಾನರೂ ತಮ್ಮ ಗ್ರಂಥಕ್ಕೆ ವೇದ ಎನ್ನುತ್ತಾರೆ, ಕ್ರೈಸ್ತರೂ ತಮ್ಮದಕ್ಕೆ ವೇದ ಎನ್ನುತ್ತಾರೆ, ನಮ್ಮ ಕಡೆಯ ತಮಿಳಿನಲ್ಲಿ ಹಾಗೇ. ಮಾತೆಲ್ಲ ತಮಿಳಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡ ಮಾಡಿ ಕೊಡುತ್ತಿದ್ದೇನೆ.

"ದೇವರು ಒಬ್ಬ, ವಾಧ್ಯಾರೇ. ಅವನು ಯಾರನ್ನೂ ಹೆರಲಿಲ್ಲ, ಅವನನ್ನು ಯಾರೂ ಹೆರಲಿಲ್ಲ. ನೀವು ಆ ಒಬ್ಬನಿಗೆ ಒಂದು ಸಂಸಾರ ಕಟ್ಟಿಕೊಟ್ಟಿರಿ" ಎಂದು ರಾವುತ್ತರು ಶುರುಮಾಡುವರು.

"ಮಗ ಎಂದರೆ ತೊಟ್ಟಿಲಲ್ಲಿ ಹಾಕಿದ ಮಗ ಅಲ್ಲಪ್ಪಾ. ಬಾಯಿಂದ ಮಾತು ಬರುತ್ತಲ್ಲ, ಹಾಗೆ ಬಂದವನು. ಬಾಯಿ ಬೇರೆ, ಮಾತು ಬೇರೆಯಾ? ನಿಮ್ಮ ವೇದವೇ ನಮ್ಮ ಏಸುವನ್ನು ಈಸಾ ನಬಿ ಎಂದು ಕರೆದು ದೇವರ ಮಾತು ಅನ್ನಲ್ಲವಾ?"

"ಅನ್ನುತ್ತೆ. ಮಾತು ಅನ್ನುತ್ತೆ, ಮಗ ಅನ್ನಲ್ಲ."

"ಹಾಗಾದರೆ ಅರ್ಧ ದಾರಿ ಬಂದಿದ್ದೀರಿ."

"ಉಳಿದರ್ಧ ನೀವು ಬನ್ನಿ. ನನಗೆ ಮಂಡಿನೋವು."

ಹೀಗೆ ನಗುತ್ತಲೂ ಇದ್ದರು, ಕೆಲವು ದಿನ ಮುಖ ಕೆಂಪಾಗಿಸಿಕೊಂಡು ಏಳುತ್ತಲೂ ಇದ್ದರು. ಆದರೆ ಅವರದೊಂದು ಕಟ್ಟಳೆ ಇತ್ತು. ಶುಕ್ರವಾರ ರಾವುತ್ತರು ಮಸೀದಿಯಲ್ಲಿ, ಭಾನುವಾರ ವಾಧ್ಯಾರರು ದೇವಾಲಯದಲ್ಲಿ. ಆಗ ಒಬ್ಬರೇ ಉಳಿದವರು ಬೇರೆ ಯಾರೊಂದಿಗಾದರೂ ಈ ವಿಷಯ ಮಾತಾಡುವುದಿತ್ತು. ಬೆನ್ನ ಹಿಂದೆ ಆಡಿದ್ದನ್ನು ಮುಖದ ಮುಂದೆ ಓದಿಸಬೇಕು ಎನ್ನುವುದೇ ಆ ಕಟ್ಟಳೆ. ಅದಕ್ಕೆ ಬರೆದಿಡುವವನೊಬ್ಬ ಬೇಕು. ಒಬ್ಬರು ಬರೆದರೆ ಇನ್ನೊಬ್ಬರಿಗೆ ನಂಬಿಕೆಯಿಲ್ಲ. ಕೊನೆಗೆ ರಾವುತ್ತರು ನನ್ನನ್ನು ಹಿಡಿದರು. ಶಾಲೆಯ ಕೊನೆಯ ವರ್ಷದಲ್ಲಿದ್ದೆ. ನನ್ನ ತಾಯಿ ನನಗೆ ಕನ್ನಡ ಅಕ್ಷರ ಕಲಿಸಿದ್ದಳು. ಆ ಬೀದಿಯಲ್ಲೆಲ್ಲ ಮನೆಮಾತು ಕನ್ನಡವೇ, ಆದರೂ ಕನ್ನಡ ಓದಬಲ್ಲವರು ಅವಳು ಮತ್ತು ನಾನು, ಇಬ್ಬರೇ. ತಾತನಿಗೂ ಬಾರದು, ಅಪ್ಪನಿಗೂ ಬಾರದು.

"ತಂಬಿ, ನಿನ್ನ ಕನ್ನಡ ಅಕ್ಷರದಲ್ಲಿ ಬರೆ" ಎಂದರು ರಾವುತ್ತರು. "ನಾನೂ ಓದಲಾರೆ, ವಾಧ್ಯಾರೂ ಓದಲಾರರು. ಇಬ್ಬರಿಗೂ ತಿದ್ದಲು ಬರಲ್ಲ. ನಿನಗೆ ಈ ಕಡೆಯೂ ಇಲ್ಲ, ಆ ಕಡೆಯೂ ಇಲ್ಲ. ನಿನಗಿಂತ ಒಳ್ಳೆ ಗುಮಾಸ್ತ ನಮಗೆ ಎಲ್ಲಿ ಸಿಗಬೇಕು?"

ಒಂದು ನೋಟ್‌ಬುಕ್ ತಂದುಕೊಟ್ಟರು. ನಾನು ಓದಿ ಮುಗಿಸಿದ ಮೇಲೆ ಕೇಳಿದವರು, "ಕೇಳಿದೆ ಎಂದು ಬರೆ" ಎನ್ನಬೇಕು. ನಾನು ಕೆಳಗೆ "ಕೇಳಿದರು" ಎಂದು ಬರೆದು ಗೆರೆ ಎಳೆಯಬೇಕು. ಗೆರೆ ಬಿದ್ದ ಮೇಲೆ ಮರುಮಾತು. ಲೋಕದಲ್ಲಿ ಯಾರೂ ನನ್ನನ್ನು ಅಷ್ಟು ನಂಬಿದ್ದಿಲ್ಲ, ಮುಂದೆ ನಂಬಲೂ ಇಲ್ಲ. ನನಗೆ ಆಗ ಅನ್ನಿಸಿದ್ದೇನು ಗೊತ್ತೆ? ಈ ಇಬ್ಬರು ಮುದುಕರು ಎಂಥ ಪೆದ್ದರು ಎಂದು. ಇಲ್ಲದ ಒಂದು ಮನೆಯ ಪಾಲಿಗೆ ಹೊಡೆದಾಡುವ ದಾಯಾದಿಗಳ ಹಾಗೆ ಕಾಣುತ್ತಿದ್ದರು. ಊಟಕ್ಕೆ ಕೂತಾಗ ರಾಗಿ ಕಳಿಗೆ, ಅಂದರೆ ಮುದ್ದೆಗೆ, ಹುರುಳಿ ಸಾರು ಹಾಕಿಕೊಳ್ಳುತ್ತ ಅವರಿಬ್ಬರ ದನಿ ಮಾಡಿ ತೋರಿಸುತ್ತಿದ್ದೆ. ತಾತ ನಗುತ್ತಿದ್ದ. ಅಜ್ಜಿ ಉಸಿರು ಬಿಡುತ್ತಿದ್ದಳು, ಆದರೆ ಮೆಚ್ಚಿ. ಅಪ್ಪ ಮಾತ್ರ ತಟ್ಟೆ ನೋಡುತ್ತ ಉಣ್ಣುತ್ತಿದ್ದರು.

ಹೀಗಿರುವಾಗ ಕೊಚ್ಚಿಯಿಂದ ಏಲಿಯಾ ಬಂದರು. ಅವರು ಯೆಹೂದಿ. ಅವರ ತಂದೆಯ ಕಾಲದಿಂದ ನಮ್ಮ ಕಡೆಯ ಲುಂಗಿ ಒಯ್ದು ಮಾರುತ್ತಿದ್ದ ಮನೆ. ಅವರ ಜನರೆಲ್ಲ ಕೊಚ್ಚಿ ಬಿಟ್ಟು ತಮ್ಮ ಹಿರಿಯರ ನಾಡಿಗೆ ಹಡಗು ಹತ್ತುತ್ತಿದ್ದ ಕಾಲ, ಇವರೂ ಹೊರಟಿದ್ದರು. ಹೋಗುವ ಮುಂಚೆ ರಾವುತ್ತರನ್ನು ನೋಡಿ ಬರಲು ಒಂದು ಶುಕ್ರವಾರ ಬಂದು, ಅವರ ಧರ್ಮದಂತೆ ಶನಿವಾರ ಪ್ರಯಾಣ ಮಾಡಬಾರದಾದ್ದರಿಂದ ಭಾನುವಾರದವರೆಗೆ ರಾವುತ್ತರ ಬಣ್ಣದ ಮಳಿಗೆಯಲ್ಲೇ ಉಳಿದರು. ಬುತ್ತಿಯ ರೊಟ್ಟಿ, ಬೇಯಿಸಿದ ಮೊಟ್ಟೆ, ಖರ್ಜೂರ ಎಲ್ಲ ಜೊತೆಗೇ ತಂದಿದ್ದರು. ನಮ್ಮ ಪಡುವಣ ತಿಣ್ಣೆಯಲ್ಲಿ ಈಗ ಮೂರು ಜನ. ಮೂರನೆಯ ಲೋಟ ನಮ್ಮಲ್ಲಿರಲಿಲ್ಲ. ಅಜ್ಜಿ ತೆಂಗಿನ ಚಿಪ್ಪು ಕೊಡು ಎಂದಳು.

ಆ ಶುಕ್ರವಾರ ಮುಸ್ಸಂಜೆ ಮನೆಯಲ್ಲಿ ನಡೆದ ಜಗಳ ಹೇಳಬೇಕು. ಮಾರ್ಗಳಿ ತಿಂಗಳ, ಧನುರ್ಮಾಸದ ಚಳಿ. ರಾವುತ್ತರು ನಮಾಜಿಗೆ ಹೋಗಿದ್ದರು, ವಾಧ್ಯಾರರು ಮನೆಗೆ. ಏಲಿಯಾ ತಿಣ್ಣೆಯ ಮೇಲೆ ಕತ್ತಲಲ್ಲಿ ಒಬ್ಬರೇ ಕೂತಿದ್ದರು. ಅವರ ಶನಿವಾರದ ವ್ರತ ಶುಕ್ರವಾರ ಸೂರ್ಯ ಮುಳುಗುತ್ತಲೇ ಶುರು; ಆಮೇಲೆ ಅವರು ಬೆಂಕಿ ಮುಟ್ಟುವಂತಿಲ್ಲ, ಮುಟ್ಟು ಎಂದು ಇನ್ನೊಬ್ಬರಿಗೆ ಹೇಳುವಂತೆಯೂ ಇಲ್ಲ. ಮಧ್ಯಾಹ್ನ ಅವರು ವಾಧ್ಯಾರರಿಗೆ ಹೇಳಿದ್ದನ್ನು ಒಳಗಿದ್ದ ಅಮ್ಮ ಕೇಳಿಸಿಕೊಂಡಿರಬೇಕು. ಒಂದು ಮೊರ ಅಕ್ಕಿ, ಹಚ್ಚಿದ ಲಾಟೀನು ಎರಡನ್ನೂ ಹಿಡಿದು ಹೊರಗೆ ಬಂದಳು. ಬಾಗಿಲ ಬಳಿ ಕೂತು ಕಲ್ಲು ಆರಿಸತೊಡಗಿದಳು. ಏಲಿಯಾರ ಕಡೆ ನೋಡಲಿಲ್ಲ, ಮಾತಾಡಲಿಲ್ಲ. ಬೆಳಕು ಮಾತ್ರ ಇಬ್ಬರ ಮೇಲೂ ಬಿತ್ತು. ಏಲಿಯಾ ತಮ್ಮ ಪುಟ್ಟ ಪುಸ್ತಕ ತೆಗೆದು ತುಟಿ ಅಲ್ಲಾಡಿಸತೊಡಗಿದರು.

"ಯಾಕ್ಡೀ, ವೆಳಕ್ ಹಚ್ಚೋ ಹೊತ್ತಲ್ಲಿ ಬೆಳಕನ್ನ ಬೀದಿಗ್ ತಂದಿದ್ದೀ?" ಎಂದು ಅಜ್ಜಿ ಹೊಸ್ತಿಲಿಗೇ ಬಂದಳು.

"ಒಳ್ಗೆ ಕಲ್ ಕಾಣಲ್ಲ, ಅತ್ತೆ."

"ನಾಳೆ ಬೆಳಿಗ್ಗೆ ಕಾಣಲ್ವಾ? ಯಾರ್ಗೋ ವೆಳಕ್ ಹಿಡಿಯಕ್ಕಾ ನಿನ್ನ ಕೊಳ್ಳೇಗಾಲ್ದಿಂದ ತಂದಿದ್ದು? ಚೌಡೇಶ್ವರಿ ಮುಂದೆ ಕತ್ಲೆ, ತಿಣ್ಣೆ ಮೇಲೆ ದೀಪಾವಳಿ!"

"ದೇವ್ರ ಮುಂದೆ ಹಚ್ಚೇ ಬಂದಿದ್ದೀನಿ ಅತ್ತೆ. ಕಲ್ ಮುಗೀತು, ಇನ್ನೊಂದ್ ಹಿಡಿ."

ಅಮ್ಮ ಆ ಇನ್ನೊಂದು ಹಿಡಿಯನ್ನು ಎಷ್ಟು ಹೊತ್ತು ಆರಿಸಿದಳೆಂದರೆ, ರಾವುತ್ತರು ವಾಪಸು ಬಂದು ಅವರನ್ನು ಕರೆದುಕೊಂಡು ಹೋದರು. ಆ ಮನೆಯಲ್ಲಿ ಅಜ್ಜಿಯ ಉಸಿರಿನ ಚಾಳಿ ಅಂಟದೆ ಉಳಿದವಳು ಅವಳೊಬ್ಬಳೇ. ನನಗೆ ಅದೂ ತಿರಸ್ಕಾರಕ್ಕೇ ಕಾರಣವಾಯಿತು. ಅಮ್ಮನಿಗೆ ರೋಷವಿಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆಯಿಂದ ಮೂವರೂ ಕೂತರು. ಇಬ್ರಾಹಿಂ ನಬಿ ಯಾವ ಮಗನನ್ನು ದೇವರಿಗೆ ಬಲಿಕೊಡಲು ಹೊರಟ ಎನ್ನುವುದು ಅವರ ಹಳೆಯ ವ್ಯಾಜ್ಯ. ಹಿರಿಯ ಹೆಂಡತಿಯ ಮಗ ಇಸಾಕನೋ, ಅವನಿಗಿಂತ ಮುಂಚೆ ದಾಸಿ ಹಾಗರಳಿಗೆ ಹುಟ್ಟಿದ ಇಸ್ಮಾಯಿಲನೋ? ಬೈಬಲು ಇಸಾಕ ಎನ್ನುತ್ತದೆ. ಮುಸಲ್ಮಾನರು ಇಸ್ಮಾಯಿಲ್ ಎನ್ನುತ್ತಾರೆ. "ನಿನ್ನ ಒಬ್ಬನೇ ಮಗ ಎಂದು ನಿಮ್ಮ ಪುಸ್ತಕದಲ್ಲೇ ಇದೆ. ಇಬ್ಬರಲ್ಲಿ ಒಬ್ಬನೇ ಮಗನಾಗಿದ್ದವನು ಮೊದಲು ಹುಟ್ಟಿದವನಲ್ಲವಾ? ಎರಡನೆಯವನು ಎಂದಾದರೂ ಒಬ್ಬನೇ ಆಗಿದ್ದನಾ?" ಎಂದು ರಾವುತ್ತರು. "ಮೊದಲನೆಯವನನ್ನು ಅಷ್ಟರಲ್ಲಿ ಮನೆಯಿಂದ ಕಳಿಸಿಯಾಗಿತ್ತು" ಎಂದು ವಾಧ್ಯಾರರು. ಏಲಿಯಾ ಗಡ್ಡ ನೀವಿಕೊಂಡು ನಗುತ್ತಿದ್ದರು.

"ನನ್ನ ತಾತನ ಮನೆ ಪಾಲಿಗೆ ನೀವಿಬ್ಬರೂ ಜಗಳ ಆಡ್ತಿದ್ದೀರಿ. ನನ್ನನ್ನ ಯಾರೂ ಒಂದು ಮಾತೂ ಕೇಳಲಿಲ್ಲ!"

ಆಗ ನಾನು ಬಾಯಿ ಹಾಕಿದೆ. ಯಾರೂ ಕೇಳಿರಲಿಲ್ಲ. "ನಮ್ಮಲ್ಲಿ ಅಷ್ಟೊಂದು ದೇವರಿದ್ದಾರೆ, ನಾವು ಯಾರ ಜೊತೆಗೂ ಜಗಳ ಆಡಲ್ಲ. ಒಬ್ಬನೇ ದೇವರು ಅನ್ನೋರಿಗೇ ಜಗಳ ಜಾಸ್ತಿ" ಎಂದೆ. ತಾತನಿಂದ ಕಲಿತ ಮಾತು, ಕೇಳಿದವರು ಯಾವಾಗಲೂ ತಲೆದೂಗುತ್ತಿದ್ದ ಮಾತು. ವಾಧ್ಯಾರರು ನನ್ನನ್ನು ನೋಡಿದರು. ಕೋಪವಿರಲಿಲ್ಲ. ಪಾಠ ತಪ್ಪಿದ ಹುಡುಗನನ್ನು ನೋಡುವ ಹಾಗೆ ನೋಡಿದರು.

"ಸರಿ ತಂಬಿ. ನಾವು ಎದ್ದುಹೋದ ಮೇಲೆ ಈ ತಿಣ್ಣೆಗೆ ಸಗಣಿ ನೀರು ಹಾಕ್ತೀರಲ್ಲ, ಅದನ್ನು ನಿಮ್ಮ ಅಷ್ಟು ದೇವರಲ್ಲಿ ಯಾವ ದೇವರು ಕೇಳಿದ್ದು?"

ಗೋಡೆಯ ಆಚೆ ಲಾಳಿ ನಿಂತಿತು. "ಬಿಡಿ ವಾಧ್ಯಾರೇ, ಹುಡುಗ" ಎಂದರು ರಾವುತ್ತರು. ಬಿಟ್ಟರು. ಅವರಿಗೆ ಇಷ್ಟು ವರ್ಷವೂ ಗೊತ್ತಿತ್ತು. ಗೊತ್ತಿದ್ದೇ ಬಂದು ಕೂರುತ್ತಿದ್ದರು. ನನಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ನಮ್ಮ ಮನೆಯವರಿಗೆ ನಾಚಿಕೆಯನ್ನು ನಾಚಿಕೆಯಾಗಿಯೇ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಒಂದು ಗಳಿಗೆಯಲ್ಲಿ ಅದು ಹುಳಿಯುತ್ತದೆ. ಇವನು, ಗಂಜಿಗೆ ದೇವರು ಬದಲಿಸಿದವನ ಮೊಮ್ಮಗ, ನನಗೆ ಹೇಳುವುದೇ ಎಂದುಕೊಂಡೆ.

ಮಾತು ತಿರುಗಿಸಲು ಏಲಿಯಾ ಒಂದು ಕತೆ ಹೇಳಿದರು. ಅವರ ಹಿರಿಯರು ಮಕ್ಕಳಿಗೆ ಹೇಳಿಕೊಂಡು ಬಂದ ಕತೆ. ದೇವರು ಆ ತಂದೆಗೆ, ನಿನ್ನ ಮಗನನ್ನು ಕರೆದುಕೊಂಡು ಬಾ ಎಂದ. ನನಗೆ ಇಬ್ಬರು ಮಕ್ಕಳು ಎಂದ ತಂದೆ. ಒಬ್ಬನೇ ಮಗ ಇದ್ದಾನಲ್ಲ, ಅವನನ್ನು ಎಂದ ದೇವರು. ಇವನು ಅವನ ತಾಯಿಗೆ ಒಬ್ಬನೇ, ಅವನೂ ಅವನ ತಾಯಿಗೆ ಒಬ್ಬನೇ. ನೀನು ಪ್ರೀತಿಸುವವನನ್ನು. ಇಬ್ಬರನ್ನೂ ಪ್ರೀತಿಸುತ್ತೇನೆ. ಆಮೇಲೆಯೇ ದೇವರು ಹೆಸರು ಹೇಳಿದ್ದು.

"ಅಪ್ಪ ತಡ ಮಾಡ್ತಿದ್ದ" ಎಂದರು ಏಲಿಯಾ. "ಹೆಸರು ಬಾರದೆ ಇರಲಿ ಅಂತ ತಡ ಮಾಡ್ತಿದ್ದ."

ಹೊತ್ತು ಇಳಿದಾಗ ರಾವುತ್ತರು ನಮಾಜಿಗೆ ಎದ್ದು ಹೋದರು. ಅವರು ಬೇವಿನ ಮರ ದಾಟಿದ ಮೇಲೆ ವಾಧ್ಯಾರರು ಏಲಿಯಾರ ಕಡೆ ತಿರುಗಿ ಕೆಲವು ಮಾತು ಹೇಳಿದರು. ನನಗೆ, "ಬರೆದುಕೋ, ನಾನಿಲ್ಲದಾಗ ರಾವುತ್ತರಿಗೆ ಓದು" ಎಂದರು. ಏಲಿಯಾರಿಗೆ, "ನೀವು ಹೇಳಬೇಡಿ, ಕಟ್ಟಳೆಯಂತೆ ಅವನೇ ಓದಲಿ" ಎಂದರು. ಬರೆದುಕೊಂಡೆ. ಅದೇನೆಂದು ಆಮೇಲೆ ಹೇಳುತ್ತೇನೆ. ಹೇಳುವುದನ್ನು ತಡ ಮಾಡುವುದರಲ್ಲಿ ನಾನು ನುರಿತವನು.

ಭಾನುವಾರ ಬೆಳಿಗ್ಗೆ ವಾಧ್ಯಾರರು ದೇವಾಲಯದಲ್ಲಿದ್ದರು. ಏಲಿಯಾ ಗಂಟು ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದರು. ರಾವುತ್ತರು ಅವರ ಕೈ ಹಿಡಿದು ನಮ್ಮ ತಿಣ್ಣೆಯ ಮೇಲೆ ಕೂತಿದ್ದರು. ಶನಿವಾರದ ಪುಟವನ್ನು ನಾನು ಆಗಲೇ ಓದಬಹುದಿತ್ತು, ಓದಲಿಲ್ಲ.

"ಏಲಿಯಾ, ಒಂದು ಮಾತು. ನಮ್ಮ ಕುರಾನಿನಲ್ಲಿ ಆ ಮಗನ ಹೆಸರೇ ಇಲ್ಲ. ಇಸ್ಮಾಯಿಲ್ ಎಂದು ನನ್ನ ಉಸ್ತಾದರು ಹೇಳಿದರು. ನಾನೂ ಹಾಗೇ ನಂಬುತ್ತೇನೆ, ನಾಳೆಯೂ ನಂಬುತ್ತೇನೆ. ಆದರೆ ಹಿಂದಿನ ನಮ್ಮ ದೊಡ್ಡ ಪಂಡಿತರಲ್ಲೇ ಕೆಲವರು ಇಸ್‌ಹಾಕ್, ಅಂದರೆ ನಿಮ್ಮ ಇಸಾಕ, ಎಂದಿದ್ದಾರೆ. ಮದರಸಾದಲ್ಲಿ ಓದಿದ್ದೆ. ಇದನ್ನು ವಾಧ್ಯಾರಿಗೆ ನಾನು ಎಂದೂ ಹೇಳಲಿಲ್ಲ. ಬಚ್ಚಿಟ್ಟೆ. ಗೆಲ್ಲಬೇಕಿತ್ತಲ್ಲ! ಅಲ್ಲಾ ಹೆಸರು ಹೇಳದೆ ಬಿಟ್ಟ ಜಾಗದಲ್ಲಿ ನಾನು ಹೆಸರು ಹಾಕಿ, ಅದೇ ಕೋಲಿನಿಂದ ಆ ಮನುಷ್ಯನನ್ನು ಹೊಡೆದೆ. ತಂಬಿ, ಒಂದಕ್ಷರ ಬಿಡದೆ ಬರೆ. ವಾಧ್ಯಾರ್ ಬಂದ ಕೂಡಲೇ ಓದು. ನಾನು ಎದುರಿಗಿದ್ದರೆ ನನ್ನ ಬಾಯಿ ಮತ್ತೆ ವಾದಕ್ಕೇ ಹೋಗುತ್ತೆ."

ಒಂದಕ್ಷರ ಬಿಡದೆ ಬರೆದೆ. ಬಸ್ಸು ಬಂತು. ರಾವುತ್ತರು ಪೊಳ್ಳಾಚಿಯವರೆಗೆ ಕಳಿಸಿಕೊಟ್ಟು ಬರಲು ಏಲಿಯಾರ ಜೊತೆಗೇ ಹತ್ತಿದರು. ನಾನು ನೋಟ್‌ಬುಕ್ ಹಿಡಿದು ಒಳಗೆ ಬಂದರೆ ತಾತ ಮೂಡಣ ತಿಣ್ಣೆಯ ಕಿಟಕಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ.

"ಈ ಕಾಟ ಯಾವಾಗ್ ತೀರುತ್ತೋ" ಎಂದ. "ನಾ ಹೋಗ್ ಅಂದ್ರೆ ರಾವುತ್ತ ಬಣ್ಣ ನಿಲ್ಲಿಸ್ಬಿಡ್ತಾನೆ. ಅವ್ರಾಗಿ ಎದ್ ಹೋದ್ರೆ ಪೀಡೆ ಹೋದಂಗೆ."

ಅವನು ನನಗೆ ಏನನ್ನೂ ಮಾಡು ಎಂದು ಹೇಳಲಿಲ್ಲ. ತಾತನ ಮೇಲೆ ಹೊರಿಸಲು ಬಹಳ ಸಲ ಪ್ರಯತ್ನಿಸಿದ್ದೇನೆ, ನಿಲ್ಲುವುದಿಲ್ಲ. ದೇವಾಲಯದ ಪ್ರಾರ್ಥನೆ ಮುಗಿಸಿ ವಾಧ್ಯಾರರು ಬಿಳಿ ಪಂಚೆಯಲ್ಲಿ, ಎಣ್ಣೆ ಹಚ್ಚಿದ ತಲೆಯಲ್ಲಿ ಬಂದರು. ಕೂರುವ ಮುಂಚೆಯೇ, "ಏನಂದರು ನಮ್ಮ ರಾವುತ್ತರು?" ಎಂದರು. ದನಿಯಲ್ಲಿ ಆಸೆ ಇತ್ತು. ಆ ಆಸೆಯನ್ನು ಕಂಡೇ ನನಗೆ ಉಸಿರು ಬಂತು, ಮೂಗಿನ ಉಸಿರು. ನೋಟ್‌ಬುಕ್ ಬಿಡಿಸಿದೆ. ಎದುರಿಗೆ ನಾನೇ ಬರೆದ ಅಕ್ಷರ. ಅದರ ಮೇಲೆ ಬೆರಳಿಟ್ಟುಕೊಂಡು, ಬರೆಯದ್ದನ್ನು ಓದಿದೆ.

"ನಮ್ಮ ಹುಡುಗನ ಹೆಸರು ಅಳಿಸಿ ತಮ್ಮವನ ಹೆಸರು ಬರೆದುಕೊಂಡ ಕಳ್ಳರು ಇವರು. ವಾಧ್ಯಾರನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಗಂಜಿಗೆ ದೇವರನ್ನು ಬದಲಿಸಿಕೊಂಡ ಕುಲ. ಅವನಿಗೆ ಯಾವ ಪುಸ್ತಕವಾದರೂ ಒಂದೇ."

ಮೊದಲ ಮಾತಿಗೆ ಅವರು ಹುಬ್ಬು ಮಾತ್ರ ಏರಿಸಿದ್ದರು. ಗ್ರಂಥ ತಿದ್ದಿದ ಆರೋಪ ಅವರಿಗೆ ಹೊಸದಲ್ಲ. ರಾವುತ್ತರೇ ಮುಖದ ಮುಂದೆ ಎಷ್ಟೋ ಸಲ ಹಾಕಿದ್ದರು, ಇವರು ಉತ್ತರ ಕೊಟ್ಟಿದ್ದರು. ಗಂಜಿಯ ಮಾತು ಮಾತ್ರ ಆ ತಿಣ್ಣೆಯ ಮೇಲೆ ಎಂದೂ ಬಂದಿರಲಿಲ್ಲ. ಅದು ಅಜ್ಜಿಯ ಮಾತು, ನಮ್ಮ ಅಡುಗೆಮನೆಯ ಮಾತು. ಅದನ್ನು ಒಯ್ದು ರಾವುತ್ತರ ಬಾಯಲ್ಲಿ ಇಟ್ಟೆ. ಗೋಡೆಯ ಆಚೆ ಲಾಳಿ ನಿಂತಿತ್ತು. ವಾಧ್ಯಾರರು ತಮ್ಮ ಲೋಟವನ್ನು ಗೂಡಿನಲ್ಲಿ ಬೋರಲು ಹಾಕಿದರು.

"ಕೇಳಿದೆ ಎಂದು ಬರೆ" ಎಂದರು.

ಬರೆದೆ. ಗೆರೆ ಎಳೆದೆ. ಮರುಮಾತು ಬರೆಸಲಿಲ್ಲ. ಬೇವಿನ ಮರ ದಾಟಿ ಹೋದರು. ಮತ್ತೆ ನಮ್ಮ ಬೀದಿಗೆ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಅಪ್ಪ ಎದ್ದು ಬಂದವರು ನನ್ನ ಎದುರಿಗೆ ಕೂತರು. ಬೆಳಿಗ್ಗೆ ರಾವುತ್ತರು ಹೇಳಿದ್ದನ್ನೂ ನಾನು ಓದಿದ್ದನ್ನೂ ಎರಡನ್ನೂ ಕೇಳಿದ ಒಬ್ಬನೇ ಮನುಷ್ಯ.

"ಎಳುದಿದ್ದನ್ನೇ ಓದ್ದೆಯಾಡಾ?" ಬರೆದದ್ದನ್ನೇ ಓದಿದೆಯಾ ಎಂದು.

"ಎಳುದಿದ್ದನ್ನೇ ಓದ್ದೆ."

"ನಂಗೆ ಓದಕ್ ಬರಲ್ಲ" ಎಂದರು ಅಪ್ಪ. ಅಷ್ಟೇ. ಕಳಿ ಮುರಿದು ಬಾಯಿಗಿಟ್ಟರು. ಆ ಮಾತನ್ನು ನಾನು ಆಗ ಸೋಲು ಎಂದುಕೊಂಡೆ. ಈಗ ಅದು ನನಗೆ ಕೊಟ್ಟ ಅವಕಾಶ ಎಂದು ಕಾಣುತ್ತದೆ. ಅಥವಾ ಹೇಡಿತನವೇ ಇರಬಹುದು. ಅಪ್ಪನನ್ನು ದೊಡ್ಡವನಾಗಿ ಮಾಡಿ ನಾನು ಸಣ್ಣಗಾಗುವುದೂ ಒಂದು ಬಗೆಯ ಸೋಗು. ಅವರೂ ಆ ಮನೆಯಲ್ಲೇ ಬೆಳೆದವರು.

ಮಾರನೆಯ ದಿನ ರಾವುತ್ತರು ಬಂದರು. ನಡಿಗೆಯಲ್ಲೇ ಹುರುಪಿತ್ತು. ವಾಧ್ಯಾರರ ಲೋಟ ಬೋರಲಾಗಿರುವುದನ್ನು ನೋಡಿ, "ಓದಿದೆಯಾ ತಂಬಿ?" ಎಂದರು. ಓದಿದೆ ಎಂದೆ. "ಏನಂದರು?" ಏನೂ ಅನ್ನಲಿಲ್ಲ ಎಂದೆ. ಇದು ನಿಜ, ಮತ್ತು ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಇದೇ ದೊಡ್ಡದು. ಅವರು ತಲೆ ತಗ್ಗಿಸಿದರು. ಇಷ್ಟು ವರ್ಷ ಬಚ್ಚಿಟ್ಟದ್ದಕ್ಕೆ ವಾಧ್ಯಾರ್ ನೊಂದಿದ್ದಾರೆ ಎಂದುಕೊಂಡರು. ನೊಂದುಕೊಳ್ಳಲು ಅವರಿಗೆ ಹಕ್ಕಿದೆ ಎಂದರು.

"ಶನಿವಾರ ನಾನು ಹೋದ ಮೇಲೆ ವಾಧ್ಯಾರ್ ಏನಾದರೂ ಬರೆಸಿದರಾ?"

"ಇಲ್ಲ" ಎಂದೆ.

ಅವರು ಸುಮಾರು ಎರಡು ತಿಂಗಳು ದಿನವೂ ಬಂದು ಒಬ್ಬರೇ ಕೂತರು. ವಾಧ್ಯಾರರ ಮನೆಗೆ ಎರಡು ಸಲ ಹೋದರಂತೆ. ಒಳಗಿದ್ದೂ ಇಲ್ಲ ಎಂದು ಹೇಳಿಸಿದರಂತೆ. ಆಮೇಲೆ ರಾವುತ್ತರೂ ಬರುವುದನ್ನು ನಿಲ್ಲಿಸಿದರು. ಬಣ್ಣ ಮಾತ್ರ ನಿಲ್ಲಿಸಲಿಲ್ಲ, ಆಳಿನ ಕೈಯಲ್ಲಿ ಕಳಿಸುತ್ತಿದ್ದರು, ಅದೇ ನೀರಿಗೆ ಬಿಡದ ಕೆಂಪು. ಅಜ್ಜಿ ಪಡುವಣ ತಿಣ್ಣೆಗೆ ಕೊನೆಯ ಸಲ ಎಂದು ಎರಡು ಬಾನಿ ಸಗಣಿ ನೀರು ಹೊಯ್ದಳು. ತಾತ ನನ್ನ ಬೆನ್ನು ತಟ್ಟಿದ. ನಾನು ಏನು ಮಾಡಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹೇಳಬೇಕಾಗಿರಲಿಲ್ಲ.

ಅಮ್ಮ ನೋಟ್‌ಬುಕ್ ಓದಿದಳು. ನನ್ನನ್ನು ಬಿಟ್ಟರೆ ಓದಬಲ್ಲವಳು ಅವಳೊಬ್ಬಳೇ ತಾನೆ. ನಾನು ಅಂದು ಓದಿ ಹೇಳಿದ್ದು ಅವಳ ಕಿವಿಗೂ ಬಿದ್ದಿರಬೇಕು. ಹೋಗಿ ಇಬ್ಬರಿಗೂ ಇದ್ದದ್ದನ್ನು ಓದಿ ಬಾ ಎಂದಳು. ನಾಳೆ ಎಂದೆ. ವಾರ ಕಳೆದು ಮತ್ತೆ ಹೇಳಿದಳು. ನಾನು ಅವಳಿಗೂ ಮೂಗಿನಿಂದ ಉಸಿರು ಬಿಟ್ಟೆ, ಅಜ್ಜಿಯ ಉಸಿರು. ಅವಳು ನೋಟ್‌ಬುಕ್ಕನ್ನು ತನ್ನ ಧಾರೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. "ನಿನ್ಗೆ ಅಕ್ಷರ ಕಲ್ಸಿದ್ದು ನಾನು. ಅದನ್ನ ವಾಪಸ್ ತಗೊಳ್ಳಕ್ ಬರಲ್ವಲ್ಲ" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಇಬ್ಬರೂ ತೀರಿಕೊಂಡು ಬಹಳ ಕಾಲವಾಯಿತು. ವಾಧ್ಯಾರರು ಕೊನೆಗಾಲಕ್ಕೆ ಪೀಳಮೇಡಿನಲ್ಲಿ ಮಗಳ ಮನೆಯಲ್ಲಿದ್ದರು ಎಂದು ಕೇಳಿದ್ದೆ. ಹೋದ ವರ್ಷ ಹುಡುಕಿಕೊಂಡು ಹೋದರೆ ಆ ಜಾಗದಲ್ಲಿ ಗಾಜಿನ ಕಟ್ಟಡ. ಕಾವಲುಗಾರ ನನ್ನನ್ನು ಒಳಗೆ ಬಿಡಲಿಲ್ಲ, ಸರಿಯಾಗಿಯೇ ಮಾಡಿದ. ಪೊಳ್ಳಾಚಿಯಲ್ಲಿ ರಾವುತ್ತರ ಮಗಳು ಜೈನಬು ಇದ್ದಾಳೆ, ನನ್ನದೇ ವಯಸ್ಸು. ಅಮ್ಮನ ಪೆಟ್ಟಿಗೆಯಲ್ಲಿದ್ದ ನೋಟ್‌ಬುಕ್ ಹಿಡಿದು ಅವಳ ಮನೆಗೆ ಹೋದೆ. ಕೂರಿಸಿ ಚಹಾ ಕೊಟ್ಟಳು. ಇದನ್ನೂ ಒಪ್ಪಿಕೊಳ್ಳಬೇಕು: ಎಪ್ಪತ್ತು ದಾಟಿದ ಈ ಗಂಟಲು ಆ ಬಟ್ಟಲನ್ನು ತುಟಿಗಿಡುವ ಮುಂಚೆ ಒಮ್ಮೆ ತಡೆಯಿತು. ಪಶ್ಚಾತ್ತಾಪಪಡಲು ಹೋದವನ ಗಂಟಲು! ಅವಳು ನೋಡಿದಳು. ಕುಡಿದೆ. ಆಮೇಲೆ ನಡೆದದ್ದನ್ನೆಲ್ಲ ಹೇಳಿದೆ. ನೋಟ್‌ಬುಕ್ ಬಿಡಿಸಿ ಆ ಶನಿವಾರ ವಾಧ್ಯಾರರು ಬರೆಸಿದ್ದನ್ನು ತಮಿಳಿನಲ್ಲಿ, ಒಂದಕ್ಷರ ಬಿಡದೆ ಓದಿದೆ.

"ರಾವುತ್ತರ ಎದುರಿಗೆ ಹೇಳಿದರೆ ತಲೆ ಮೇಲೆ ಕೂರುತ್ತಾರೆ, ಅದಕ್ಕೆ ಈಗ ಹೇಳುತ್ತೇನೆ. ನಮ್ಮ ವೇದದಲ್ಲಿ ಇಸಾಕನ ಕತೆಗೆ ಸ್ವಲ್ಪ ಮುಂಚೆಯೇ ಅವನ ಅಣ್ಣನ ಕತೆ ಇದೆ. ತಂದೆ ಒಂದು ತಿತ್ತಿ ನೀರು ಕೊಟ್ಟು ತಾಯಿ ಮಗನನ್ನು ಕಳಿಸಿದ. ನೀರು ಮುಗಿಯಿತು. ತಾಯಿ ಹುಡುಗನನ್ನು ಪೊದೆಯ ಕೆಳಗೆ ಮಲಗಿಸಿ, ಸಾಯುವುದನ್ನು ನೋಡಲಾರೆ ಎಂದು ದೂರ ಹೋಗಿ ಕೂತಳು. ಅಲ್ಲಿಯೂ ಮೇಲಿನಿಂದ ಧ್ವನಿ ಬಂತು, ಬೆಟ್ಟದ ಮೇಲೆ ಇಸಾಕನಿಗೆ ಬಂದ ಹಾಗೆಯೇ. ಇಷ್ಟು ವರ್ಷ ಪಾಠ ಹೇಳಿದೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ. ಆ ತಂದೆ ಇಬ್ಬರನ್ನೂ ಕಳೆದುಕೊಳ್ಳಲು ಹೊರಟವನು, ದೇವರು ಇಬ್ಬರನ್ನೂ ಹಿಂದಕ್ಕೆ ಕೊಟ್ಟ. ರಾವುತ್ತರಿಗೆ ಹೇಳು, ಅವರ ಹುಡುಗ ನಮ್ಮ ಪುಸ್ತಕದಲ್ಲೂ ಸಾಯಲಿಲ್ಲ."

ಜೈನಬು ಮುಸುಕಿನ ತುದಿಯಿಂದ ಕಣ್ಣು ಒರೆಸಿಕೊಂಡಳು. ನನ್ನ ಮೇಲೆ ಕೂಗಲಿಲ್ಲ. ಕೂಗಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆ ಪುಟದ ಕೆಳಗೆ ಒಂದು ಸಾಲು ಇಷ್ಟು ವರ್ಷ ಖಾಲಿ ಇತ್ತು. ನಾನು ಜೇಬಿನಿಂದ ಪೆನ್ನು ತೆಗೆದೆ. "ಕೇಳಿದರು ಎಂದು ಬರೆಯಲಾ?" ಎಂದೆ. ರಾವುತ್ತರ ಹೆಸರಿಗೆ ಅಷ್ಟಾದರೂ ಬರೆದು ಗೆರೆ ಎಳೆದರೆ ಮುಗಿಯುತ್ತದೆ ಎಂಬ ಆಸೆ. ಅಂದು ವಾಧ್ಯಾರರ ದನಿಯಲ್ಲಿ ನಾನು ಕಂಡು ಹಂಗಿಸಿದ್ದ ಆಸೆಯೇ ಈಗ ನನ್ನ ದನಿಯಲ್ಲಿತ್ತು.

ಅವರ ಮನೆಯಲ್ಲಿ ತಂದೆಯನ್ನು ಅತ್ತಾ ಎನ್ನುತ್ತಾರೆ.

"ಅತ್ತಾ ಕೇಳಲಿಲ್ಲ, ಅಣ್ಣಾ" ಎಂದಳು ಜೈನಬು. "ಸಾಯೋ ತನಕ ಕಾದರು, ಕೇಳಲಿಲ್ಲ. ನಾನು ಕೇಳಿದೆ ಎಂದು ಬೇಕಾದರೆ ಕೆಳಗೆ ಬರೀರಿ. ಅತ್ತಾ ಜಾಗದಲ್ಲಿ ಏನೂ ಬರೀಬೇಡಿ."

ಒಂದು ಸಾಲು ಬಿಟ್ಟು, ಕೆಳಗೆ ಅವಳ ಹೆಸರು ಬರೆದೆ. ಗೆರೆ ಎಳೆಯಲಿಲ್ಲ.